ಎರಡನೇ ಹೇಳಿಕೆ

ಜೂನ್ 3, ಸೋಮವಾರ

ಹೊಸ ಆದೇಶ ಬಂತು. ಬಾಕಿ ಕಡತಗಳೆಲ್ಲ ಹನ್ನೆರಡು ವಾರದೊಳಗೆ ಮುಗಿಯಬೇಕಂತೆ. ಆಶ್ರಯ ಕೇಳಿ ಬಂದವರಲ್ಲಿ ಆರು ವರ್ಷ ಎಡೆಬಿಡದೆ ಇಲ್ಲಿಯೇ ಇದ್ದವರು ಉಳಿಯಬಹುದು. ನಡುವೆ ಒಂದು ತಿಂಗಳಿಗಿಂತ ಹೆಚ್ಚು ಕಾಲ ಎಲ್ಲಿದ್ದೆವು ಎಂದು ತೋರಿಸಲಾಗದವರು ಊರಿಗೆ ಹೋಗಿ ಬಂದರೆಂದೇ ಲೆಕ್ಕ. ಹೋಗಿ ಬಂದಿದ್ದರೆ ಅಲ್ಲಿ ಅಪಾಯವಿಲ್ಲ. ಅಪಾಯವಿಲ್ಲದಿದ್ದರೆ ಆಶ್ರಯ ಬೇಕಿಲ್ಲ. ಓದುವಾಗ ಎಲ್ಲ ಸರಿಯಾಗಿಯೇ ಇದೆ.

ನಾನು ಬೇರೆ ಇಲಾಖೆಯಲ್ಲಿ ನಿವೃತ್ತನಾದವನು, ಇಲ್ಲಿ ಕರಾರಿನ ಮೇಲೆ ಇದ್ದೇನೆ. ಮೂರನೇ ಮಹಡಿ, ಹೋಲಿಕೆ ವಿಭಾಗ. ಅರ್ಜಿದಾರರನ್ನು ಕೆಳಗಿನ ವಿಚಾರಣೆ ಕೋಣೆಯಲ್ಲಿ ಎರಡು ಸಲ ಕೂರಿಸಿ, ನಡುವೆ ಕೆಲವು ವಾರ ಬಿಟ್ಟು, ಅವೇ ಪ್ರಶ್ನೆ ಕೇಳುತ್ತಾರೆ. ಎರಡೂ ಹೇಳಿಕೆ ನಮ್ಮ ಮೇಜಿಗೆ ಬರುತ್ತವೆ. ಓರೆಯಾಗಿ ನಿಲ್ಲಿಸಿದ ಹಲಗೆ, ಅದಕ್ಕೆ ಎರಡು ಕ್ಲಿಪ್ಪು. ಎಡಕ್ಕೆ ಮೊದಲನೆಯದು, ಬಲಕ್ಕೆ ಎರಡನೆಯದು. ಒಂದಕ್ಕೊಂದು ತಾಳೆಯಾಗದ ಕಡೆ ಕೆಂಪು ಪೆನ್ಸಿಲ್ಲಿನ ಗೆರೆ. ಮೂರು ಗೆರೆ ಬಿದ್ದರೆ ವಾಪಸು ಕಳಿಸುವವರ ಕೆಂಪು ದಾರದ ಕಟ್ಟಿಗೆ, ಇಲ್ಲದಿದ್ದರೆ ಉಳಿಯುವವರ ಬಿಳಿ ದಾರದ ಕಟ್ಟಿಗೆ. ಇಂಗ್ಲಿಷಿನಲ್ಲಿ ಇದಕ್ಕೆ ಇನ್‌ಕನ್ಸಿಸ್ಟೆನ್ಸಿ ಎನ್ನುತ್ತಾರೆ. ಕಾಲೇಜಿನಲ್ಲಿ ಈ ಪದದ ಸ್ಪೆಲಿಂಗ್ ತಪ್ಪು ಬರೆದು ಬೆಂಚಿನ ಮೇಲೆ ನಿಂತಿದ್ದೆ. ಆಫೀಸಿನಲ್ಲಿ ನನ್ನನ್ನು ಡಿಕ್ಷನರಿ ಸಾರ್ ಎನ್ನುತ್ತಾರೆ. ಮುಕ್ಕಾಲು ಪದ ಮರೆತ ಡಿಕ್ಷನರಿ.

ಪಕ್ಕದ ಮೇಜಿನ ಕೊಡೆಯಮ್ಮ (ಬಿಸಿಲಿರಲಿ ಮೋಡವಿರಲಿ ಕೊಡೆ ಬಿಡದವಳು, ಹಾಗಾಗಿ ಆ ಹೆಸರು) ಇವತ್ತು ನನ್ನ ಕತ್ತು ನೋಡಿ, "ಸಾರ್, ಕೂದಲು ಕಾಲರ್ ದಾಟಿ ಬೆನ್ನಿಗಿಳೀತಾ ಇದೆ. ಕಟಿಂಗ್ ಶಾಪಿಗೆ ದಾರಿ ಮರೆತುಹೋಗಿದೆಯಾ?" ಎಂದಳು. ಮನೆಯಲ್ಲೇ ಕತ್ತರಿಸಿಕೊಳ್ಳುತ್ತೇನೆ ಎಂದೆ. "ಅದು ಕಾಣಿಸ್ತಿದೆ, ಮೇಕೆ ಮೇಯ್ದ ಹಾಗಿದೆ" ಎಂದಳು.

ಅಂಗಡಿಯವರು ಬಿಟ್ಟಿ ಕೊಟ್ಟ ಈ ಪುಸ್ತಕ ಖಾಲಿ ಬಿದ್ದಿತ್ತು. ಮನೆಯಲ್ಲಿ ಮಾತಾಡಲು ಗೋಡೆ ಬಿಟ್ಟರೆ ಯಾರಿಲ್ಲ, ಬರೆಯೋಣವೆನಿಸಿತು. ಇವಳು, ನನ್ನ ಹೆಂಡತಿ, ಹೋಗಿ ಎರಡು ವರ್ಷ ಮೂರು ತಿಂಗಳಾಯಿತು. ಸಂಜೆ ನಾಲ್ಕೂವರೆ. ನಾನು ಪಕ್ಕದಲ್ಲೇ ಇದ್ದೆ, ಕೈ ಹಿಡಿದುಕೊಂಡೇ ಇದ್ದೆ. ಹೊರಗೆ ಮಳೆ ಬರುತ್ತಿತ್ತು. ಅಷ್ಟಾದರೂ ಆಯಿತಲ್ಲ.

ಜೂನ್ 6, ಗುರುವಾರ

ಮೂವತ್ತೊಂದು ಕಡತ. ಒಬ್ಬ ಮೊದಲ ಸಲ ತನ್ನ ನಾಯಿ ಕಂದು ಬಣ್ಣದ್ದು ಎಂದಿದ್ದಾನೆ, ಎರಡನೇ ಸಲ ಕಪ್ಪು. ಗೆರೆ. ನಾಯಿ ಸುಟ್ಟುಹೋಗಿತ್ತು ಎಂದು ಎರಡೂ ಸಲ ಹೇಳಿದ್ದಾನೆ, ಅದು ತಾಳೆಯಾಗುತ್ತದೆ. ರಾತ್ರಿಗೆ ಬ್ರೆಡ್ಡು, ಚಹ. ಕಾಲು ಊದಿದೆ.

ಜೂನ್ 11, ಮಂಗಳವಾರ

ಆ ಹೆಂಗಸು ಬಂದಿದ್ದಳು. ಇವಳ ಕೊನೆಯ ದಿನಗಳಲ್ಲಿ ಒಂಬತ್ತು ತಿಂಗಳು ನಮ್ಮ ಮನೆಯಲ್ಲೇ ಇದ್ದು ನೋಡಿಕೊಂಡವಳು. ಈಗ ಬಸ್ ನಿಲ್ದಾಣದ ಹಿಂದಿನ ಇಸ್ತ್ರಿ ಅಂಗಡಿಯಲ್ಲಿ ಕೆಲಸ. ಬಾಗಿಲಲ್ಲೇ ನಿಂತಳು. ಕೂತುಕೋ ಎಂದರೆ ಕೂರದೆ, ಕುರ್ಚಿಯ ಮೇಲೆ ಮುದ್ದೆಯಾಗಿ ಬಿದ್ದಿದ್ದ ನನ್ನ ಅಂಗಿಗಳನ್ನು ಎತ್ತಿ ಮಡಚಲು ಶುರುಮಾಡಿದಳು.

"ಸಾರ್, ಕೆಳಗಡೆ ನನ್ನದು ಮೊದಲನೇ ವಿಚಾರಣೆ ಆಯ್ತು."

ಗೊತ್ತಾಯಿತು. ಮುಂದೆ ಏನು ಕೇಳುತ್ತಾಳೆಂದೂ ಗೊತ್ತಾಯಿತು. ಆದರೂ, "ಹೌದಾ, ಒಳ್ಳೇದಾಯ್ತು" ಎಂದೆ.

"ಆರು ವರ್ಷದ್ದೂ ಚೀಟಿ ಇದೆ ಸಾರ್. ಹೋಟೆಲಲ್ಲಿ ಪಾತ್ರೆ ತೊಳೆದದ್ದು, ಇಸ್ತ್ರಿ ಅಂಗಡೀದು, ಎಲ್ಲ. ನಿಮ್ಮನೇಲಿ ಇದ್ದ ಒಂಬತ್ತು ತಿಂಗಳಿಗೆ ಮಾತ್ರ ಏನೂ ಇಲ್ಲ. ಅದೊಂದು ತೂತು. ಅದಕ್ಕೆ ನೀವೇ ಸಾಕ್ಷಿ. ಒಂದು ಕಾಗದ ಬರೆದುಕೊಟ್ರೆ ಆಯ್ತಂತೆ. ಇಂಥ ದಿನದಿಂದ ಇಂಥ ದಿನದವರೆಗೆ ಇದ್ದಳು ಅಂತ. ಅಷ್ಟೇ."

"ಅವತ್ತು ಅವರಿಗೆ ಏನು ಹೇಳಿದೆ?"

"ಇದ್ದದ್ದು ಇದ್ದ ಹಾಗೆ ಹೇಳಿದೀನಿ ಸಾರ್."

ನೋಡೋಣ ಎಂದೆ. ಮನೆಯಲ್ಲಿ ಹೊರಗಿನವರನ್ನು ಇರಿಸಿಕೊಂಡರೆ ವಾರ್ಡ್ ಕಚೇರಿಯಲ್ಲಿ ನೋಂದಾಯಿಸಬೇಕು. ನಾನು ನೋಂದಾಯಿಸಿರಲಿಲ್ಲ. ಇದೇ ಇಲಾಖೆಯಲ್ಲಿ ಕೂತು ಹಾಗೆಂದು ಬರೆದುಕೊಡುವುದು ಹೇಗೆ? ಅವಳು ಒತ್ತಾಯ ಮಾಡಲಿಲ್ಲ. ಅವಳ ಗಂಡನನ್ನು ಮನೆಯಿಂದ ಎಳೆದೊಯ್ದವರೇ ಈಗ ಅವಳೂರಿನ ಠಾಣೆಯಲ್ಲಿ ಕೂತಿದ್ದಾರೆ. ಇವಳಿಗೆ ಮಾತ್ರೆ ಕೊಡುತ್ತಾ ಒಮ್ಮೆ ಅದನ್ನು ಹೇಳಿದ್ದಳು, ಹಾಲು ಒಡೆದಿದೆ ಎನ್ನುವ ದನಿಯಲ್ಲಿ. ಹೋಗುವಾಗ ಅಂಗಿಗಳನ್ನು ಬಣ್ಣದ ಪ್ರಕಾರ ಜೋಡಿಸಿಟ್ಟು ಹೋಗಿದ್ದಾಳೆ.

ಜೂನ್ 12, ಬುಧವಾರ

ಇಪ್ಪತ್ತೊಂಬತ್ತು.

ಜೂನ್ 16, ಭಾನುವಾರ

ಮಗಳು ಫೋನ್ ಮಾಡಿದ್ದಳು. ಅವಳಿರುವುದು ದೂರದ ಊರಿನಲ್ಲಿ, ಗಂಡನದು ವರ್ಗಾವಣೆಯ ಕೆಲಸ. ತಾಯಿ ಹೋದಾಗ ಮಗಳು ಎಂಟು ತಿಂಗಳ ಬಸುರಿ, ಡಾಕ್ಟರು ಪ್ರಯಾಣ ಬೇಡವೆಂದಿದ್ದರು. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಅಲ್ಲಿಗೇ ಬರುತ್ತದೆ. "ಅಪ್ಪಾ, ನಾನಂತೂ ಬರೋಕಾಗಲಿಲ್ಲ. ನೀವು ಕೈ ಹಿಡ್ಕೊಂಡಿದ್ರಿ ಅನ್ನೋದೊಂದೇ ನನಗೆ ಸಮಾಧಾನ." ಹೂಂ ಎಂದೆ.

ಆಮೇಲೆ ಏನನ್ನಿಸಿತೋ, ಕಾಗದ ಬರೆಯಲು ಕೂತೆ. ಟು ಹೂಮ್‌ಎವರ್ ಇಟ್ ಕನ್ಸರ್ನ್ಸ್ ಎಂದು ತಲೆಬರಹ ಹಾಕಿದೆ. ಹೂಮ್‌ಸೋಎವರ್ ಇರಬಹುದು. ಕೆಳಗೆ ನಮ್ಮ ಭಾಷೆಯಲ್ಲೇ ಬರೆದೆ. ಎರಡು ದಿನಾಂಕ ಬರೆದರೆ ಸಾಕಿತ್ತು. ಆದರೆ ಬರೀ ದಿನಾಂಕ ಕೊಟ್ಟರೆ ಯಾರು ನಂಬುತ್ತಾರೆ? ಅವಳು ಹೇಗೆ ನೋಡಿಕೊಂಡಳೆಂದು ಬರೆದೆ. ಬೆನ್ನು ಹುಣ್ಣಾಗದ ಹಾಗೆ ಎರಡೆರಡು ಗಂಟೆಗೆ ಮಗ್ಗುಲು ತಿರುಗಿಸಿದ್ದು, ಒಗೆದ ಬಟ್ಟೆಯನ್ನು ಬೆಚ್ಚಗೆ ಮಾಡಿ ಹೊದಿಸುತ್ತಿದ್ದದ್ದು. ಬರೆಯಲು ಕೂತರೆ ನನಗೆ ನಿಲ್ಲಿಸಲು ಬರುವುದಿಲ್ಲ. ಕೊನೆಯ ದಿನದ ತನಕ ಬಂದುಬಿಟ್ಟೆ. ಅವಳು ಔಷಧಿ ತರಲು ಹೋಗಿದ್ದಳು, ನಾನು ಹೆಂಡತಿಯ ಪಕ್ಕದಲ್ಲಿದ್ದೆ, ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಬರೆದೆ. ಎರಡು ಪುಟವಾಯಿತು. ಚೆನ್ನಾಗಿ ಬಂದಿದೆ.

ಜೂನ್ 18, ಮಂಗಳವಾರ

ಕಾಗದವನ್ನು ಕೆಳಗಿನ ಕೌಂಟರಿನಲ್ಲಿ ಕೊಟ್ಟೆ. ಮೊಹರು ಹಾಕಿದರು. ನೋಂದಣಿಯ ವಿಷಯ ಯಾರೂ ಕೇಳಲಿಲ್ಲ. ಇಷ್ಟು ದಿನ ಅದಕ್ಕೇ ಹೆದರಿದ್ದೆ. ಅವಳಿಗೆ ಹೇಳಿಕಳಿಸಿದೆ. ಮೂವತ್ತನಾಲ್ಕು ಕಡತ. ಒಬ್ಬಾಕೆಗೆ ಮಕ್ಕಳ ವಯಸ್ಸು ಹೇಳುವಾಗ ತಪ್ಪಾಗಿದೆ. ಮೂರು ಮಕ್ಕಳು, ಮೂರು ಗೆರೆ.

ಜೂನ್ 26, ಬುಧವಾರ

ಊಟದ ಬಿಡುವಿನಲ್ಲಿ ಕೊಡೆಯಮ್ಮ ತನ್ನ ಹಲಗೆಯನ್ನು ನನ್ನ ಕಡೆ ತಿರುಗಿಸಿದಳು.

"ಡಿಕ್ಷನರಿ ಸಾರ್, ಇದು ನಿಮ್ಮ ಅಕ್ಷರ ಅಲ್ವಾ? ಈ ಹೂಮ್‌ಎವರ್?"

ಎಡಗಡೆ ಆ ಹೆಂಗಸಿನ ಮೊದಲ ಹೇಳಿಕೆ. ಬಲಗಡೆ ನನ್ನ ಕಾಗದ. ಸಾಕ್ಷಿಯ ಕಾಗದವಿದ್ದರೆ ಅದನ್ನೂ ಹೋಲಿಸಿ ನೋಡುವುದು ನಮ್ಮ ಕ್ರಮ. ಸಾಕ್ಷಿಗೂ ಅರ್ಜಿದಾರರಿಗೂ ತಾಳೆಯಾಗದಿದ್ದರೆ ಆ ಕಾಗದ ಇದ್ದೂ ಇಲ್ಲದ ಹಾಗೆ. ತೂತು ತೂತಾಗಿಯೇ ಉಳಿಯುತ್ತದೆ. ಇದೆಲ್ಲ ನನಗೆ ಗೊತ್ತು. ದಿನಾ ಮಾಡುವ ಕೆಲಸವೇ. ಎರಡು ಪುಟ ಬರೆಯುವಾಗ ನೆನಪಾಗಲಿಲ್ಲ.

ಅವಳು ಹೇಳಿದ್ದು ಎರಡೇ ಸಾಲು: "ಅಮ್ಮ ಹೋದಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಸಾರ್ ಔಷಧಿಗೆ ಹೋಗಿದ್ದರು."

"ಯಾವುದು ಸರಿ ಸಾರ್?" ಎಂದಳು ಕೊಡೆಯಮ್ಮ.

"ಇಬ್ಬರಲ್ಲಿ ಯಾರಿಗೋ ನೆನಪು ತಪ್ಪಿದೆ."

ಅವಳು ಹಲಗೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. "ಗೆರೆ ಹಾಕಿಲ್ಲ. ಮಂಗಳವಾರ ಅವಳ ಎರಡನೇ ವಿಚಾರಣೆ. ಅಲ್ಲೀತನಕ ಕಡತ ಕಟ್ಟಿನ ತಳದಲ್ಲಿ ಇಟ್ಟಿರ್ತೀನಿ. ಅಷ್ಟರಲ್ಲಿ ಸಾಕ್ಷಿ ತಿದ್ದುಪಡಿ ಕಾಗದ ಕೊಡಬಹುದು. ನಿಮಗೆ ನಾನು ಹೇಳಿಕೊಡಬೇಕಾ?" ಎಂದು ಡಬ್ಬಿ ತೆಗೆದು ಊಟಕ್ಕೆ ಕೂತಳು. ನನಗೂ ಒಂದು ತುತ್ತು ಇಟ್ಟಳು. ತಿಂದೆ.

ಜೂನ್ 28, ಶುಕ್ರವಾರ

ಮೂವತ್ತಾರು. ಇವಳು ಹೋದ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದೆನೋ ಏನೋ. ಹಾಗೆಯೂ ಇರಬಹುದು. ಒಂದೇ ಮನೆಯಲ್ಲಿದ್ದಂತೆಯೇ ಅಲ್ಲವೇ?

ಜೂನ್ 30, ಭಾನುವಾರ

ಬೆಳಿಗ್ಗೆಯಿಂದ ಕೂತಿದ್ದೇನೆ. ಬರೆಯುತ್ತೇನೆ, ಆದದ್ದಾಗಲಿ.

ಅಡುಗೆಮನೆಯಲ್ಲಿರಲಿಲ್ಲ. ಅವತ್ತು ಮಧ್ಯಾಹ್ನದಿಂದ ಇವಳ ಉಸಿರು ಗೊರಗೊರ ಎನ್ನುತ್ತಿತ್ತು. ಹಳೆಯ ನಲ್ಲಿ ತಿರುಗಿಸಿದ ಹಾಗೆ. ನನಗೆ ಕೇಳಲಾಗಲಿಲ್ಲ. ಔಷಧಿ ತರುತ್ತೇನೆ ಎಂದು ಹೊರಟೆ. ಔಷಧಿ ಮನೆಯಲ್ಲಿತ್ತು. ಆ ಹೆಂಗಸು, "ಇದೆಯಲ್ಲ ಸಾರ್" ಎನ್ನಲು ಬಾಯಿ ತೆರೆದು ಸುಮ್ಮನಾದಳು.

ಔಷಧಿ ಅಂಗಡಿಯ ಪಕ್ಕದ್ದು ಕ್ಷೌರದಂಗಡಿ. ಬೆಂಚಿನ ಮೇಲೆ ಕೂತೆ. ನನ್ನ ಸರದಿ ಬಂದಾಗ ನನ್ನ ಹಿಂದಿದ್ದವನನ್ನು ಮುಂದೆ ಬಿಟ್ಟೆ. ಆಮೇಲೆ ಇನ್ನೊಬ್ಬನನ್ನು. ಕ್ಷೌರಿಕ, "ಏನ್ ಸಾರ್, ಇವತ್ತು ದಾನಶೂರರಾಗಿಬಿಟ್ರಿ" ಎಂದ. ನಕ್ಕೆ. ಹೀಗೆ ಐದು ಜನ. ರೇಡಿಯೋದಲ್ಲಿ ಪಂದ್ಯದ ವರದಿ ಬರುತ್ತಿತ್ತು. ಕೊನೆಗೆ ಯಾರೂ ಉಳಿಯಲಿಲ್ಲ, ನಾನೇ ಕೂತೆ. ಕೂದಲು, ಗಡ್ಡ, ಕತ್ತಿಗೆ ಪೌಡರ್. ಮನೆಗೆ ಬಂದಾಗ ಆರು ಗಂಟೆ. ಆ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನುಣ್ಣಗಿತ್ತು. ಮಳೆ ಇರಲಿಲ್ಲ. ಒಳ್ಳೆ ಬಿಸಿಲು.

ಅವಳು ಯಾರಿಗೂ ಹೇಳಲಿಲ್ಲ. ಮಗಳು ಫೋನಿನಲ್ಲಿ ಅಳುತ್ತಾ ನೀವು ಪಕ್ಕದಲ್ಲಿದ್ದಿರಾ ಎಂದು ಕೇಳಿದಾಗ, ನಾನು ಹೂಂ, ಕೈ ಹಿಡಿದುಕೊಂಡಿದ್ದೆ ಎಂದಾಗ, ಅವಳು ಅಲ್ಲೇ ನೆಲ ಒರೆಸುತ್ತಿದ್ದಳು.

ಈ ಪುಸ್ತಕದಲ್ಲೂ ಮೊದಲ ದಿನವೇ ಸುಳ್ಳು ಬರೆದಿದ್ದೇನೆ. ಯಾರು ಓದುತ್ತಾರೆಂದು?

ತಿದ್ದುಪಡಿ ಕಾಗದ ಬರೆದೆ. ಮೂರೇ ಸಾಲು. ನಾನು ಮನೆಯಲ್ಲಿರಲಿಲ್ಲ. ಅವಳು ಇದ್ದಳು. ಅವಳು ಹೇಳಿದ್ದೇ ಸರಿ.

ಜುಲೈ 1, ಸೋಮವಾರ

ಕೊಟ್ಟೆ. ಕೌಂಟರಿನವನು ಮೊಹರು ಹಾಕಿ ಕಾಗದಗಳ ತಟ್ಟೆಗೆ ಹಾಕಿದ. ನಾಳೆಯೊಳಗೆ ವಿಚಾರಣೆ ಕೋಣೆಗೆ ಹೋಗುತ್ತದೆಯಾ ಎಂದು ಕೇಳಿದೆ. "ಹೋಗುತ್ತೆ ಸಾರ್, ಎಲ್ಲಿಗೆ ಓಡಿಹೋಗುತ್ತೆ?" ಎಂದ.

ಅವಳಿಗೆ ಹೇಳಿಕಳಿಸಬೇಕಿತ್ತು. ಏನೆಂದು ಹೇಳಿಕಳಿಸುವುದು? ಇಸ್ತ್ರಿ ಅಂಗಡಿಯವನ ಹತ್ತಿರ, ಸಾರ್ ಮನೆಯಲ್ಲಿರಲಿಲ್ಲವಂತೆ ಎಂದೇ? ಹೇಳಿಕಳಿಸಲಿಲ್ಲ. ಹೇಗೂ ಇದ್ದದ್ದು ಇದ್ದ ಹಾಗೆ ಹೇಳುವವಳು.

ಜುಲೈ 4, ಗುರುವಾರ

ಕಡತ ಮೇಲೆ ಬಂತು. ಕೊಡೆಯಮ್ಮ ಕರೆದಳು.

ನನ್ನ ತಿದ್ದುಪಡಿ ಮಂಗಳವಾರ ತಟ್ಟೆಯಲ್ಲೇ ಇತ್ತು. ಬುಧವಾರ ಸೇರಿಸಿದ್ದಾರೆ. ವಿಚಾರಣೆಯಲ್ಲಿ ಅವಳಿಗೆ ಓದಿ ಹೇಳಿದ್ದು ನನ್ನ ಮೊದಲ ಕಾಗದ. ಪ್ರಶ್ನೆ: ನಿಮ್ಮ ಸಾಕ್ಷಿ ತಾನು ಪಕ್ಕದಲ್ಲಿದ್ದೆ ಎನ್ನುತ್ತಾರೆ, ನೀವು ಬೇರೆ ಹೇಳಿದ್ದೀರಿ. ಉತ್ತರ: "ಸಾರ್ ಹೇಳಿದ್ದೇ ಸರಿ. ಅವರು ಅಮ್ಮನ ಪಕ್ಕದಲ್ಲೇ ಇದ್ದರು, ಕೈ ಹಿಡಿದುಕೊಂಡಿದ್ದರು. ನಾನೇ ಔಷಧಿಗೆ ಹೋಗಿದ್ದೆ. ಅವತ್ತು ತಪ್ಪಾಗಿ ಹೇಳಿದೆ."

ಕೈ ಹಿಡಿದದ್ದು ನನ್ನ ಕಾಗದದಲ್ಲಿಲ್ಲ. ಫೋನಿನಲ್ಲಿ ಮಗಳಿಗೆ ಹೇಳಿದ್ದು. ನೆಲ ಒರೆಸುತ್ತಾ ಕೇಳಿಸಿಕೊಂಡದ್ದು.

ಕೊಡೆಯಮ್ಮ ನಾಲ್ಕು ಹಾಳೆ ಮೇಜಿನ ಮೇಲೆ ಹರಡಿದಳು. ಹಲಗೆಗೆ ಇರುವುದು ಎರಡೇ ಕ್ಲಿಪ್ಪು. ಆ ಹೆಂಗಸಿನ ಮೊದಲನೆಯದು ನನ್ನ ಎರಡನೆಯದಕ್ಕೆ ತಾಳೆಯಾಗುತ್ತದೆ. ನನ್ನ ಮೊದಲನೆಯದು ಅವಳ ಎರಡನೆಯದಕ್ಕೆ. "ಹೇಗೆ ಇಟ್ರೂ ಇನ್ನೆರಡು ಹೊರಗೆ ಉಳಿಯುತ್ತೆ ಸಾರ್" ಎಂದಳು. ಎರಡು ಮೂರು ಸಲ ಇಟ್ಟು ತೆಗೆದಳು.

ವಿಭಾಗದ ಅಧಿಕಾರಿಯ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನವನು, ಮರ್ಯಾದಸ್ಥ. ನಿಂತೇ ಹೇಳಿದೆ, "ಸಾರ್, ನಾನು ಅವತ್ತು ಕ್ಷೌರದಂಗಡಿಯಲ್ಲಿದ್ದೆ." ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಲ್ಲಿ ಇನ್ನಿಬ್ಬರು ಗುಮಾಸ್ತರಿದ್ದರು.

ಅವನು ಕಡತ ತಿರುವಿದ. "ನೀವು ಎರಡು ಸಲ ಹೇಳಿದ್ದೀರಿ, ಎರಡೂ ಬೇರೆ ಬೇರೆ. ಆಕೆಯೂ ಹಾಗೇ. ಹಿರಿಯರು ನೀವು, ಈ ವಿಭಾಗದ ನಿಯಮ ನಾನು ನಿಮಗೆ ಹೇಳೋದಾ?"

"ಆದ್ರೆ ಸಾರ್, ಅವಳು ಆ ಮನೇಲಿದ್ದಳು ಅನ್ನೋದಕ್ಕೆ ನಾಲ್ಕೂ ಹಾಳೇಲಿ ಒಂದೇ ಮಾತಿದೆ."

"ಅದನ್ನ ಹೇಳ್ತಿರೋದು ಯಾರು? ಮಾತು ಬದಲಿಸಿದವರು."

ಸರಿಯಾಗಿಯೇ ಇತ್ತು. ಮೇಜಿಗೆ ಬಂದೆ. ಕೊಡೆಯಮ್ಮ ಪೆನ್ಸಿಲ್ ಹಿಡಿದಳು, ಮೊನೆ ಮುರಿದಿತ್ತು. ನನ್ನ ಕಡೆ ಚಾಚಿದಳು. ಅವಳ ಪೆನ್ಸಿಲ್ ದಿನಾ ನಾನೇ ಕೆತ್ತಿಕೊಡುವುದು, ಬ್ಲೇಡು ನನ್ನ ಹತ್ತಿರ ಇರುತ್ತದೆ. ಕೆತ್ತಿಕೊಟ್ಟೆ. ಕೊಟ್ಟ ಮೇಲೆ ಏನು ಕೊಟ್ಟೆನೆಂದು ತಿಳಿಯಿತು. ಕೆಂಪು ಪುಡಿ ಅಂಗಿಯ ಮೇಲೆ ಬಿದ್ದಿತ್ತು. ಮನೆಯಲ್ಲಿದ್ದವರು ಯಾರು, ಔಷಧಿಗೆ ಹೋದವರು ಯಾರು, ಕೈ ಹಿಡಿದವರು ಯಾರು: ಅವಳು ಎಳೆದ ಗೆರೆ ಒಂದು, ಎರಡು, ಮೂರು. ಕೊಡೆಯಮ್ಮ ಕೊಡೆ ತೆಗೆದುಕೊಂಡು ಹೊರಗೆ ಹೋದಳು. ಸಂಜೆಯ ತನಕ ಬರಲಿಲ್ಲ.

ಜುಲೈ 9, ಮಂಗಳವಾರ

ನಲವತ್ತೆರಡು.

ಜುಲೈ 10, ಬುಧವಾರ

ನಲವತ್ತು.

ಜುಲೈ 14, ಭಾನುವಾರ

ಇಸ್ತ್ರಿ ಅಂಗಡಿಗೆ ಹೋದೆ. ಅವಳಿಗೆ ನೋಟಿಸು ತಲುಪಿದೆ, ಶುಕ್ರವಾರ ಹೊರಡಬೇಕು. ಯಾರದೋ ಮದುವೆಯ ಸೂಟಿಗೆ ಇಸ್ತ್ರಿ ಹಾಕುತ್ತಿದ್ದಳು.

"ಯಾಕಮ್ಮಾ ಹಾಗೆ ಹೇಳಿದೆ?"

"ಅಲ್ಲಿ ನಿಮ್ಮ ಕಾಗದ ಓದಿದ್ರು ಸಾರ್. ಎರಡು ಪುಟ. ನನ್ನ ಬಗ್ಗೆ ಅಷ್ಟು ಯಾರೂ ಬರೆದಿರಲಿಲ್ಲ." ಕಾವಲಿಯಷ್ಟು ಬಿಸಿಯಾಗಿದ್ದ ಇಸ್ತ್ರಿಪೆಟ್ಟಿಗೆಯನ್ನು ಕಲ್ಲಿನ ಮೇಲೆ ನಿಲ್ಲಿಸಿದಳು. "ಕೊನೇಲಿ ಅದು ಬಂತು. ನೀವು ಅಷ್ಟು ಬರೆದುಕೊಟ್ಟಿದ್ದೀರಿ, ನಾನು ಆ ಹುಡುಗರ ಮುಂದೆ ಕೂತು ನಮ್ಮ ಸಾರ್ ಸುಳ್ಳು ಹೇಳ್ತಿದ್ದಾರೆ ಅನ್ನೋದಾ? ಬಾಯಿ ಬರಲಿಲ್ಲ. ನಿಮ್ಮ ಮಾತಿಗೆ ಸೇರಿಸಿ ಹೇಳಿದ್ರೆ ಕೆಲಸವೂ ಆಗುತ್ತೆ ಅನ್ನಿಸ್ತು."

"ನಾನು ನಿಜ ಬರೆದುಕೊಟ್ಟಿದ್ದೆ. ಸೋಮವಾರವೇ."

"ಹೌದಾ?" ಎಂದಳು. ಸೂಟಿನ ತೋಳನ್ನು ತಿರುವಿ ಹಾಕಿದಳು. ಆಮೇಲೆ ನಕ್ಕಳು. "ನೋಡಿ, ಒಂದು ಮಾತು ಹೇಳಿಕಳಿಸಿದ್ರೆ ಆಗ್ತಿತ್ತು."

ಅಷ್ಟೇ ಹೇಳಿದ್ದು. ಬೈಯಲಿಲ್ಲ. ಬೈದಿದ್ದರೆ ಏನಾದರೂ ಅನ್ನಿಸುತ್ತಿತ್ತೇನೋ. ನನ್ನ ಅಂಗಿಯ ಕಾಲರ್ ನೋಡಿ, "ಬಿಚ್ಚಿಕೊಡಿ ಸಾರ್, ಒಂದು ನಿಮಿಷ" ಎಂದಳು. ಬನಿಯನ್ನಿನಲ್ಲಿ ಕೂತಿದ್ದೆ. ಕೆಂಪು ಪುಡಿಯ ಕಲೆ ಹೋಗಲಿಲ್ಲ.

ಜುಲೈ 19, ಶುಕ್ರವಾರ

ಬೆಳಿಗ್ಗೆ ರಜೆ ಹಾಕಿ ಇಲಾಖೆಯ ಬಸ್ಸು ನಿಲ್ಲುವ ಅಂಗಳಕ್ಕೆ ಹೋದೆ. ಕಿಟಕಿಗೆ ಜಾಲರಿ ಇರುವ ಬಸ್ಸು. ಹೆಸರು ಕೂಗುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಅವಳು ಒಂದು ಚೀಲದ ಮೇಲೆ ಕೂತಿದ್ದಳು. ನಾನೂ ಪಕ್ಕದ ಕಟ್ಟೆಯ ಮೇಲೆ ಕೂತೆ. ಇಂಗ್ಲಿಷಿನಲ್ಲಿ ಇಂಥ ಹೊತ್ತಿಗೆ ಹೇಳುವುದೇನೋ ಒಂದಿದೆ, ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಬಾಯಿಗೆ ಬರಲಿಲ್ಲ.

ಕೊನೆಗೆ ಕೇಳಿದೆ. ಎರಡು ವರ್ಷದಲ್ಲಿ ಕೇಳಿರಲಿಲ್ಲ.

"ಅವತ್ತು ಅವಳು ಏನಾದರೂ ಅಂದಳಾ?"

"ಅಂದ್ರು ಸಾರ್. ನೀವು ಹೋಗಿ ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ರು. ಎಲ್ಲಿ ಹೋದ್ರು ಅಂದ್ರು. ಔಷಧಿಗೆ ಅಂದೆ. ಅಮ್ಮ ನಕ್ಕರು. ಆ ಉಸಿರಲ್ಲೂ ನಕ್ಕರು. 'ಔಷಧಿಗಲ್ಲ ಕಣೇ, ಕಟಿಂಗ್ ಶಾಪಲ್ಲಿ ಕೂತಿರ್ತಾರೆ. ಮಗಳು ಹುಟ್ಟಿದಾಗಲೂ ಅಲ್ಲೇ ಕೂತಿದ್ರು, ನಾನು ಕೂಗೋದು ಕೇಳೋಕಾಗದೆ. ನುಣ್ಣಗೆ ಗಡ್ಡ ಮಾಡಿಸ್ಕೊಂಡು ಬಂದು ಮಗೂನ ಎತ್ಕೊಂಡ್ರು' ಅಂದ್ರು. ಎರಡು ಚಮಚ ನೀರು ಕುಡಿದ್ರು. 'ಬಂದಾಗ ಏನೂ ಅನ್ನಬೇಡ' ಅಂದ್ರು. ಗೋಡೆ ಕಡೆ ತಿರುಗಿಸು ಅಂದ್ರು, ತಿರುಗಿಸಿದೆ. ಆಮೇಲೆ ಇಲ್ಲ."

"ಎಷ್ಟು ಗಂಟೆ?"

"ಐದಕ್ಕೆ ಹತ್ತು ನಿಮಿಷ. ಗಡಿಯಾರ ನೋಡಿದ್ದೆ, ನೀವು ಕೇಳ್ತೀರಿ ಅಂತ."

ಹೆಸರು ಕೂಗಿದರು. ಚೀಲ ಎತ್ತಿಕೊಟ್ಟೆ. ಹಗುರವಾಗಿತ್ತು. ಮೆಟ್ಟಿಲ ಮೇಲೆ ನಿಂತು, "ಮಳೆಗಾಲ ಸಾರ್, ಅಂಗಿಗಳನ್ನ ಹಸಿಯಾಗಿ ಮಡಚಿಡಬೇಡಿ" ಎಂದಳು. ಜಾಲರಿಯ ಒಳಗೆ ಯಾವ ಮುಖ ಅವಳದೆಂದು ತಿಳಿಯಲಿಲ್ಲ. ಸುಮ್ಮನೆ ಎಲ್ಲ ಕಿಟಕಿಗಳಿಗೂ ಕೈ ಎತ್ತಿದೆ.

ಮಧ್ಯಾಹ್ನ ಆಫೀಸಿಗೆ ಹೋಗಬೇಕಿತ್ತು. ಹೋಗಲಿಲ್ಲ. ಔಷಧಿ ಅಂಗಡಿಯ ಪಕ್ಕದ ಆ ಬೆಂಚಿನ ಮೇಲೆ ಹೋಗಿ ಕೂತೆ. ಹೊಸ ಕ್ಷೌರಿಕ, ನನ್ನ ಗುರುತಿಲ್ಲ. ಸರದಿ ಬಂದಾಗ ಎದ್ದೆ, ಯಾರನ್ನೂ ಮುಂದೆ ಬಿಡಲಿಲ್ಲ. "ಯಾರ್ ಸಾರ್ ಇದು, ಹೀಗೆ ಕತ್ತರಿಸಿರೋದು?" ಎಂದು ಕೇಳಿದ. ನಾನೇ ಎಂದೆ.

ರಾತ್ರಿ ಎಂಟಕ್ಕೆ ಮಗಳ ಫೋನು ಬರುತ್ತದೆ. ಅದಕ್ಕೆ ಮೊದಲು ಇಷ್ಟನ್ನು ಬರೆದಿಟ್ಟೆ, ಆ ಹೆಂಗಸು ಹೇಳಿದ ಹಾಗೆಯೇ, ಐದಕ್ಕೆ ಹತ್ತು ನಿಮಿಷ, ಎರಡು ಚಮಚ ನೀರು. ಮಗಳಿಗೆ ಇದನ್ನೇ ಓದುತ್ತೇನೆ. ಆ ಮನೆಯಲ್ಲಿ ಅವತ್ತು ಇದ್ದವಳು ಒಬ್ಬಳೇ, ಅವಳು ಈಗ ಗಡಿಯ ಹತ್ತಿರ ಇರಬಹುದು. ಪಕ್ಕಕ್ಕಿಟ್ಟು ಹೋಲಿಸಲು ಇನ್ನೊಂದು ಹಾಳೆ ಇಲ್ಲ.

ಗಂಟೆ ಏಳು ಐವತ್ತು.